ಬೊಳ್ಳಪ್ಪಣ್ಣನ ಮಡಚದ ಮೊಣಕಾಲು

ಆಸ್ಪತ್ರೆಯ ಕಾರ್ಡು ಬಂದದ್ದು ನಾಟಿಯ ಹಿಂದಿನ ದಿನ. ಅದನ್ನು ಓದಿಸಿ ಉತ್ತರ ಬರೆಸಲು ಬೊಳ್ಳಪ್ಪಣ್ಣ ಚೇರಂಬಾಣೆಯ ನಮ್ಮ ಶಾಲೆಗೇ ಬಂದ. ಬೆಂಚಿನ ಮೇಲೆ ಕುಳಿತು ಎಡಗಾಲು ಚಾಚಿದರೆ ಮಕ್ಕಳಿಗೆ ದಾರಿಯೇ ಇಲ್ಲ. ಆ ಕಾಲು ಮಡಚುವುದಿಲ್ಲವಲ್ಲ, ಬೈದು ಏನು ಪ್ರಯೋಜನ?

ಐವತ್ನಾಲ್ಕನೇ ವಯಸ್ಸಿನಲ್ಲಿ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಮೊಣಕಾಲ ಚಿಪ್ಪು ಒಡೆದಿತ್ತು. ಮೊದಲ ಆಪರೇಶನ್ನಿನಲ್ಲಿ ಚಿಪ್ಪು ತೆಗೆದರು. ಕಾಲು ಮಡಚುತ್ತಿತ್ತು, ಆದರೆ ನೋವು ಜೀವ ಹಿಂಡುತ್ತಿತ್ತು. ಮರುವರ್ಷ ಡಾಕ್ಟರು ಮುಚ್ಚುಮರೆಯಿಲ್ಲದೆ ಕೇಳಿದರು: ಇನ್ನೊಮ್ಮೆ ಕೊಯ್ದು ಮೊಣಕಾಲಿನ ಮೇಲಿನ, ಕೆಳಗಿನ ಎರಡೂ ಎಲುಬು ಕೂಡಿಸಿದರೆ ನೋವು ಹೋಗುತ್ತದೆ, ಮೊಣಕಾಲು ಮಾತ್ರ ಇನ್ನೆಂದೂ ಮಡಚದು, ಆಗಬಹುದೇ? ನೋವು ಹೋದರೆ ಸಾಕೆಂದು ಅವನೇ ಹೆಬ್ಬೆಟ್ಟು ಒತ್ತಿದ.

ಈಗ ಒಂಬತ್ತು ವರ್ಷದ ಮೇಲೆ ಆಸ್ಪತ್ರೆಯವರಿಗೆ ವಿಚಾರಿಸುವ ಮನಸ್ಸಾಗಿದೆ. ನೋವಿದೆಯೇ? ಇಲ್ಲ. ಊರುಗೋಲು ಬೇಕೇ? ಬೇಕು. ಎಷ್ಟು ದೂರ ನಡೆಯುವಿರಿ? ಸಂತೆಯವರೆಗೆ. ಎರಡನೆಯ ಶಸ್ತ್ರಚಿಕಿತ್ಸೆಯಿಂದ ತೃಪ್ತಿಯಿದೆಯೇ?

ಬೊಳ್ಳಪ್ಪಣ್ಣ ಕಿಟಕಿಯಾಚೆ ಗದ್ದೆ ನೋಡಿದ. "ಅದ್ನ ನಾಳೆ ಬರೆಯುವ, ಮಾಸ್ಟ್ರೇ."

ಯಾಕೆಂದು ನನಗೆ ಗೊತ್ತು. ಅವರ ಮನೆಯಲ್ಲಿ ದೊಡ್ಡ ಗದ್ದೆಗೆ ಮೊದಲ ಹಿಡಿ ಸಸಿಯನ್ನು ಮನೆಯ ಹಿರಿಯನೇ ನೆಡಬೇಕು. ನಾಟಿ ಮುಗಿಯುವ ಹೊತ್ತಿಗೆ ಅದೇ ಗದ್ದೆಯಲ್ಲಿ ಒಂದು ಪಟ್ಟಿ ಖಾಲಿ ಬಿಟ್ಟು ಗಂಡಸರು ಕೆಸರಲ್ಲಿ ಓಡುತ್ತಾರೆ. ಒಂದು ಕಾಲದಲ್ಲಿ ಬೊಳ್ಳಪ್ಪಣ್ಣ ಎರಡಕ್ಕೂ ಮುಂದು. ಒಂಬತ್ತು ವರ್ಷದಿಂದ ಮೊದಲ ಹಿಡಿ ತಮ್ಮ ಬೆಳ್ಯಪ್ಪನ ಪಾಲು, ಅಣ್ಣನಿಗೆ ಬದುವಿನ ಮೇಲೆ ಕುರ್ಚಿ. ಆ ಕುರ್ಚಿ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮರುದಿನ ಕಾರ್ಡು ಹಿಡಿದು ನಾನೂ ಅವರ ನಾಟಿಗೆ ಹೋದೆ. ಬೊಳ್ಳಪ್ಪಣ್ಣನ ಹೆಂಡತಿ ಮುತ್ತಮ್ಮ ಬೇಡ ಬೇಡವೆಂದರೂ ಅವನು ಪಂಚೆ ಎತ್ತಿ ಕಟ್ಟಿ ಗದ್ದೆಗೆ ಇಳಿದೇಬಿಟ್ಟ. ಹೂತ ಕಾಲನ್ನು ಕೆಸರಿಂದ ಕೀಳಬೇಕಾದರೆ ಮೊಣಕಾಲು ಮಡಚಬೇಕು. ಹುಟ್ಟಿದಂದಿನಿಂದ ಗದ್ದೆ ತುಳಿದವನಿಗೆ ಅದೇ ಮರೆತುಹೋಗಿತ್ತು. ಎರಡನೇ ಹೆಜ್ಜೆಗೇ ನಾಟಿದ ಗೂಟದಂತೆ ನಿಂತ. ಬೆಳ್ಯಪ್ಪ ಮತ್ತು ಕೆಲಸದ ಜವರಿ ಕಂಕುಳಿಗೆ ಕೈಕೊಟ್ಟು ಎತ್ತಿ ಬದುವಿಗೆ ತಂದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು, ಅವನ ಮುಖ ನೋಡಲಾಗಲಿಲ್ಲ.

ಬೆಳ್ಯಪ್ಪ ಸಸಿಗೆ ಕೈಹಾಕಿದ. ಅಷ್ಟರಲ್ಲಿ ಮುತ್ತಮ್ಮ ಆ ಹಿಡಿಯನ್ನು ಕಿತ್ತುಕೊಂಡು ಗಂಡನ ಮುಂದೆ ಹಿಡಿದಳು.

"ಕಾಲು ಹೋದ್ರೆ ಹೋತು. ಕೈ ಸರಿ ಉಂಟಲ್ಲಾ? ಬದು ಮೇಲೆ ಕವುಚಿ ಮಲಗಿ!"

ಅರವತ್ನಾಲ್ಕರ ಬೊಳ್ಳಪ್ಪಣ್ಣ ಹೊಟ್ಟೆಯ ಮೇಲೆ ಮಲಗಿದ. ಮೊಣಕೈವರೆಗೆ ತೋಳು ಇಳಿಬಿಟ್ಟು ಮೊದಲ ಹಿಡಿ ನೆಟ್ಟ. ಗದ್ದೆಯವರೆಲ್ಲ ಹೋ ಎಂದು ಕೂಗಿದರು. ನನ್ನ ಕಣ್ಣೂ ತುಂಬಿತು, ಸುಳ್ಳೇಕೆ ಹೇಳಲಿ?

ನನಗೆ ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತು. ಅವನಿಗೆ ಮುಗಿದಿರಲಿಲ್ಲ. ಸಂಜೆ ಓಟ ಶುರುವಾದಾಗ ಮತ್ತೆ ಅಲ್ಲೇ ಮಲಗಿ, ಗಲ್ಲ ಬದುವಿಗೆ ಊರಿ, ಓಡುವವರ ಕಾಲುಗಳನ್ನೇ ನೋಡುತ್ತಿದ್ದ. ಮುಖಕ್ಕೆ ಕೆಸರು ಸಿಡಿದರೂ ಒರೆಸಿಕೊಳ್ಳಲಿಲ್ಲ.

ಓಟ ಮುಗಿದ ಮೇಲೆ ನಾನು ಕಾರ್ಡು ತೆಗೆದೆ. "ತೃಪ್ತಿ ಅಂತ ಬರೆಯಲೇ, ಬೊಳ್ಳಪ್ಪಣ್ಣ?"

"ಡಾಕ್ಟ್ರು ಒಳ್ಳೇವ್ರು, ನೋವು ಇಲ್ಲ ಅಂತ ಬರೀರಿ." ಆಗ ಮುಖದ ಕೆಸರು ಒರೆಸಿಕೊಂಡ. "ಇನ್ನೊಂದು ಸಲ ಕೊಯ್ದು, ಆ ನೋವೇ ವಾಪಸ್ ಕೊಟ್ಟು, ಮಡಚುವ ಕಾಲು ಕೊಡ್ತಾರಾ ಕೇಳಿ. ಒಂದು ನಾಟಿಗೆ ಸಾಕು."