ಕೂರಲಾಗದ ಎರಡು ವರ್ಷ

ನನಗೆ ಪೇಸ್‌ಮೇಕರ್ ಹಾಕಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನಾನು ಹೊಳೆನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಒಂದು ಮಧ್ಯಾಹ್ನ ಪಹಣಿ ನಕಲು ಬರೆಯುತ್ತಿದ್ದವನು ಹಾಗೇ ಮೇಜಿನ ಮೇಲೆ ಬಿದ್ದುಬಿಟ್ಟೆ. ಅದು ಮೂರನೆಯ ಸಲ. ನಾಡಿ ಆಗಾಗ ತೀರಾ ನಿಧಾನವಾಗುತ್ತಿದೆ ಎಂದು ಮೈಸೂರಿನಲ್ಲಿ ಗೊತ್ತಾಯಿತು. ಎಡಭುಜದ ಕೆಳಗೆ ಯಂತ್ರ ಕೂರಿಸಿ, ಅದರಿಂದ ಒಂದು ತಂತಿಯನ್ನು ಹೃದಯದ ಕೆಳಗಿನ ಕೋಣೆಗೆ ಇಳಿಸಿದರು. ಬಡಿತ ಎಪ್ಪತ್ತಕ್ಕಿಂತ ಇಳಿದರೆ ಯಂತ್ರ ಬಡಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ ಎಂದರು.

ಆಮೇಲೆ ಒಂದು ದಿನವೂ ಬೀಳಲಿಲ್ಲ. ಆದರೆ ಕೂರಲೂ ಆಗಲಿಲ್ಲ.

ಕುರ್ಚಿಯಲ್ಲಿ ಕೂತು ಐದು ನಿಮಿಷವಾಗುವಷ್ಟರಲ್ಲಿ ಕತ್ತಿನಲ್ಲಿ ದಡ್ ದಡ್ ಎಂದು ಒಳಗಿಂದ ಗುದ್ದಿದಂತಾಗುತ್ತಿತ್ತು. ತಲೆ ಹಗುರಾಗಿ, ಎದೆ ಬಿಗಿದು, ಕಾರಣವಿಲ್ಲದ ದಿಗಿಲು. ಎದ್ದು ಬಿರುಸಾಗಿ ನಾಲ್ಕು ಸುತ್ತು ಹಾಕಿದರೆ ಹೋಗುತ್ತಿತ್ತು. ಕೂತರೆ ಮತ್ತೆ ಶುರು. ಕಚೇರಿಯ ಜಗಲಿಯಲ್ಲಿ ದಿನವಿಡೀ ನಡೆದೆ. ಶಿರಸ್ತೇದಾರರು ಎಲ್ಲರೆದುರಿಗೇ ಕೇಳಿದರು: “ಏನ್ರೀ ಇದು, ಕಚೇರೀಲಿ ವಾಕಿಂಗಾ? ಜನ ಬಂದು ನಿಮ್ ಖಾಲಿ ಕುರ್ಚಿ ನೋಡ್ಕೊಂಡ್ ಹೋಗ್ತಿದಾರೆ.” ಕೊನೆಗೆ ನನ್ನನ್ನು ಟಪಾಲಿನ ಕೆಲಸಕ್ಕೆ ಹಾಕಿದರು. ಹಾಸನಕ್ಕೆ ಫೈಲು ಒಯ್ಯುವಾಗ ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋಗುತ್ತಿದ್ದೆ.

ನನ್ನ ಹೆಂಡತಿ ಅರಕಲಗೂಡಿನ ಕಡೆಯವಳು. “ಉಣ್ಣಾಕಾದ್ರೂ ಒಂದ್ ಗಳಿಗೆ ಕುಂತ್ಕಳ್ರೀ. ನಿಮ್ಮನ್ನ ನೋಡ್ತಾ ನೋಡ್ತಾ ನಂಗೇ ತಲೆ ಸುತ್ತತದೆ” ಎನ್ನುತ್ತಿದ್ದಳು. ತವರಿನಿಂದ ತಾಯತ ತಂದು ಕಟ್ಟಿದಳು. “ನಾನೇನು ಹುಚ್ಚನಾ?” ಎಂದು ಅದನ್ನು ಕಿತ್ತೆಸೆದೆ. ಅವಳು ಅದನ್ನು ಎತ್ತಿ ದೇವರ ಗೂಡಿನಲ್ಲಿಟ್ಟಳು.

ಮೈಸೂರಿನ ತಪಾಸಣೆಯಲ್ಲಿ ನಾಡಿ ಎಣಿಸಿ, ಯಂತ್ರ ಚೆನ್ನಾಗಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದರು. ಹೊರಗೆ ಬೆಂಚಿನ ಮೇಲೆ ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಸಿಕ್ಕಿದರು. ಅವರಿಗೂ ಯಂತ್ರ ಹಾಕಿದ್ದರು; ನನ್ನ ಕಷ್ಟ ಹೇಳಿಕೊಂಡೆ.

“ನಂದೂ ಒಂದೇ ವೈರು ಸಾ. ಮಂಡೀಲಿ ಬೆಳಗಿಂದ ಸಂಜೆಗಂಟ ಕುಂತೇ ಇರ್ತೀನಿ, ಏನೂ ಆಗಾಕಿಲ್ಲ. ನೀವು ಸುಮ್ಕೆ ಯೋಚ್ನೆ ಮಾಡ್ತೀರಿ ಕಣ್ರೀ.”

ಅವರ ಮುಖದಲ್ಲಿ ಅಂಥ ನೆಮ್ಮದಿಯಿತ್ತು. ಅವತ್ತಿನಿಂದ ನನ್ನ ಮೇಲೆ ನನಗೇ ನಂಬಿಕೆ ಹೋಯಿತು.

ಎರಡು ವರ್ಷ ಹೀಗೇ ಕಳೆಯಿತು. ಹಾಸನಕ್ಕೆ ಹೊಸದಾಗಿ ಹೃದಯದ ಡಾಕ್ಟರೊಬ್ಬರು ಬಂದಿದ್ದರು. ಹೆಂಡತಿಯೇ ಬಲವಂತ ಮಾಡಿ ಕರೆದುಕೊಂಡು ಹೋದಳು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾವಾಗ ಹಾಗಾಗುತ್ತೆ?”

“ಸುಮ್ಮನೆ ಕೂತಾಗ, ಮಲಗಿದಾಗ. ಓಡಾಡಿದರೆ ಸರಿಹೋಗುತ್ತೆ ಸಾರ್.”

ಅವರು ನನ್ನನ್ನು ಕಾರಿಡಾರಿನಲ್ಲಿ ನಡೆಸಿ ಬಿಪಿ ನೋಡಿದರು. ಆಮೇಲೆ ಮಲಗಿಸಿ, ಇಸಿಜಿ ಹಚ್ಚಿ, ಕಾದರು. ಯಂತ್ರ ಬಡಿಸಲು ಶುರುಮಾಡಿದ ಕೂಡಲೇ ಮತ್ತೆ ಬಿಪಿ ನೋಡಿದರು. ಅದು ಸರ್ರನೆ ಇಳಿದಿತ್ತು.

“ನಿಮ್ಮ ಮನಸ್ಸಿಗೇನೂ ಆಗಿಲ್ಲ” ಎಂದರು. “ಹೃದಯದಲ್ಲಿ ಮೇಲಿನ ಕೋಣೆ ಮೊದಲು ಹಿಂಡಬೇಕು, ಆಮೇಲೆ ಕೆಳಗಿನದು. ಈ ಯಂತ್ರಕ್ಕೆ ಮೇಲಿನ ಕೋಣೆ ಗೊತ್ತೇ ಇಲ್ಲ. ಕೆಳಗಿನದನ್ನ ಮೊದಲು ಬಡಿಸುತ್ತೆ. ಆಗ ಮೇಲಿನದು ಮುಚ್ಚಿದ ಬಾಗಿಲಿಗೆ ಒತ್ತಿ, ರಕ್ತ ಕತ್ತಿನ ಕಡೆ ವಾಪಸ್ ನುಗ್ಗುತ್ತೆ. ನಡೆದಾಡಿದಾಗ ನಿಮ್ಮ ಹೃದಯವೇ ಎಪ್ಪತ್ತು ದಾಟುತ್ತೆ, ಯಂತ್ರ ಸುಮ್ಮನಾಗುತ್ತೆ. ಕೆಲವರಿಗೆ ಇದು ತಿಳಿಯೋದೇ ಇಲ್ಲ. ಕೆಲವರಿಗೆ ನಿಮ್ಮ ಹಾಗೆ.”

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು: “ಅಂಗಾರೆ ಇವ್ರು ಸುಳ್ಳೇಳ್ತಿರ್ನಿಲ್ವಾ ಸಾ?”

ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಮುಂದಿನ ತಿಂಗಳು ಮೈಸೂರಿನಲ್ಲೇ ಯಂತ್ರ ಬದಲಾಯಿಸಿ, ಮೇಲಿನ ಕೋಣೆಗೂ ಒಂದು ತಂತಿ ಹಾಕಿದರು. ವಾರ್ಡಿನಲ್ಲಿ ಎದ್ದು ಕೂತವನು ಕತ್ತಿನ ಮೇಲೆ ಕೈಯಿಟ್ಟುಕೊಂಡು ಆ ಗುದ್ದಿಗಾಗಿ ಕಾದೆ. ಬರಲಿಲ್ಲ. ಇನ್ನೇನು ಬಂದೇಬಿಡುತ್ತದೆ ಎಂದುಕೊಂಡೆ. ಗಂಟೆ ಕಳೆದರೂ ಬರಲಿಲ್ಲ. ಹೆಂಡತಿ ಇಡ್ಲಿ ತಂದಳು. ಕೂತೇ ತಿಂದೆ.

ಕಾಲಿಗೆ ಮಾತ್ರ ಬೇಗ ಅಭ್ಯಾಸ ತಪ್ಪಲಿಲ್ಲ. ಮತ್ತೆ ಮೇಜಿಗೆ ಬಂದ ಮೇಲೂ ಎಷ್ಟೋ ತಿಂಗಳು ಬರೆಯುತ್ತ ಬರೆಯುತ್ತ ಎದ್ದು ನಿಂತುಬಿಡುತ್ತಿದ್ದೆ. ಕೆಲವು ವರ್ಷಗಳ ನಂತರ ಹಾಸನದ ಅದೇ ಡಾಕ್ಟರು, ಈಗ ಕೆಲವು ಕಡೆ ತಂತಿಯನ್ನು ಬಡಿತದ ಸಂದೇಶ ಹರಿಯುವ ಹೃದಯದ ಸ್ವಂತ ದಾರಿಗೇ ಸೇರಿಸಿ, ಹುಟ್ಟಿನಿಂದ ಬಂದ ಬಡಿತದ ಹಾಗೇ ಬಡಿಸಲು ನೋಡುತ್ತಿದ್ದಾರೆ ಎಂದರು. ಮೇಲಿನ ಕೋಣೆಯನ್ನು ಬಡಿಸಿದರೆ ಕೆಳಗಿನದು ತಾನೇ ಹಿಂಬಾಲಿಸುತ್ತಿದ್ದರಿಂದ ನನ್ನ ಕೆಳಗಿನ ತಂತಿಗೆ ಕೆಲಸವೇ ಕಡಿಮೆ, ನನಗೆ ಅದು ಬೇಕಾಗಲಿಲ್ಲ.

ಹೆಂಡತಿ ನನ್ನನ್ನು ನಂಬದಿದ್ದುದಕ್ಕೆ, ನಾನು ಅವಳ ಮೇಲೆ ರೇಗಿದ್ದಕ್ಕೆ, ಯಾರೂ ಯಾರನ್ನೂ ಕ್ಷಮೆ ಕೇಳಲಿಲ್ಲ. ಒಂದು ಭಾನುವಾರ ಗೊರೂರಿಗೆ ಹೋಗಿ ಅಣೆಕಟ್ಟಿನ ಹತ್ತಿರ ಬುತ್ತಿ ಬಿಚ್ಚಿಕೊಂಡು ಕೂತೆವು. ಊಟವಾಯಿತು, ಬಿಸಿಲು ಇಳಿಯಿತು. ಕೊನೆಗೆ ಅವಳೇ ಸೆರಗು ಕೊಡವಿಕೊಂಡು ಎದ್ದಳು.

“ಏಳ್ರೀ ಸಾಕು, ಬಸ್ಸು ಒಂಟೋಯ್ತದೆ.”