ಧೂಳಿಲ್ಲದ ಪೆಟ್ಟಿಗೆ

ನಾನೇ ಏನಾದರೂ ಮರೆತೆನೆ?

ಮಕ್ತಲ್‌ನಿಂದ ಹೊರಟ ಮೊದಲ ಆಟೊದಲ್ಲಿ ಹಾಲಿನ ಕ್ಯಾನುಗಳ ನಡುವೆ ಮುದುಡಿ ಕೂತ ರಜಿತಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಾಳೆ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ತೊಡೆಯ ಮೇಲಿನ ಚೀಲದಲ್ಲಿ ಸ್ಕ್ರೂಡ್ರೈವರ್‌ಗಳು, ಮೂರು ಬ್ರಷ್ಷು, ಪ್ರೊಸೆಸರ್‌ಗೆ ಶಾಖ ಇಳಿಸಲು ಹಚ್ಚುವ ಪೇಸ್ಟು, ಒಂದು ಡೈರಿ. ಆಟೊ ತಂದೆ ಆಶಪ್ಪನದು, ಉಟ್ಕೂರ್‌ವರೆಗೆ ಮಾತ್ರ. ಅಲ್ಲಿಂದ ನಾರಾಯಣಪೇಟೆಗೆ ಬಸ್ಸು. ದಾರಿಯುದ್ದಕ್ಕೂ ಅಪ್ಪ ಮಗಳು ಆಕಳಿಸುತ್ತಾರೆ. ಇಬ್ಬರಿಗೂ ನಿದ್ದೆ ಸಾಲದು.

ನಾರಾಯಣಪೇಟೆಯ ಒಂದು ನೇಕಾರರ ಸೊಸೈಟಿಯ ಕಂಪ್ಯೂಟರ್ ಬೇಸಿಗೆಯಿಂದ ತೆವಳುತ್ತಿದೆ. ಸೀರೆ ಅಂಚಿನ ನಮೂನೆಗಳನ್ನು ಅದರಲ್ಲೇ ಬರೆಯುವುದು. ಬರೆಯುವವರು ಲಕ್ಷ್ಮೀಬಾಯಿ, ಮಗ್ಗದ ಮುಂದೆ ಇಪ್ಪತ್ತು ವರ್ಷ ಕೂತು, ನಲವತ್ತೆಂಟರಲ್ಲಿ ಮೌಸ್ ಹಿಡಿಯಲು ಕಲಿತವರು. ಯಂತ್ರ ಕೆಡಿಸಿದ್ದು ಅವರೇ ಎಂದು ಕಾರ್ಯದರ್ಶಿ ವ್ಯಾಸರಾಜರು ತೀರ್ಮಾನಿಸಿಯಾಗಿದೆ. ಇವತ್ತು ಬೇರೆ ಕಾರಣ ಸಿಗದಿದ್ದರೆ ನಾಳೆಯಿಂದ ಆ ಕುರ್ಚಿ ಇನ್ನೊಬ್ಬರದು.

"ಬಾ ತಂಗಿ, ಮೊದ್ಲು ಚಾ ಕುಡಿ," ಬಾಗಿಲಲ್ಲೇ ಕಾದಿದ್ದ ಲಕ್ಷ್ಮೀಬಾಯಿ ಲೋಟ ಚಾಚುತ್ತಾರೆ. "ಅದೇನ್ ಓಡಿ ಹೋಗೂದಿಲ್ಲ. ಅದಕ್ಕ ನಡ್ಯಾಕನ ಬರವಲ್ದು!"

ರಜಿತಾ ನಗುತ್ತಾಳೆ, ತಲೆ ಎತ್ತದೆ. ಒಳಗೆ ಕೂತು ಯಂತ್ರ ಚಾಲೂ ಮಾಡಿದರೆ ಪರದೆಯ ಮೇಲೆ ಅಂಕಿ ಕಾಣುತ್ತದೆ. 3.6 ಗಿಗಾಹರ್ಟ್ಸ್ ವೇಗದಲ್ಲಿ ಓಡಬೇಕಾದ ಪ್ರೊಸೆಸರ್ 1.8ಕ್ಕೆ ನಿಂತಿದೆ. ಸರಿಯಾಗಿ ಅರ್ಧ.

ಇಪ್ಪತ್ನಾಲ್ಕರ ರಜಿತಾ ಗದ್ವಾಲಿನಲ್ಲಿ ಕಂಪ್ಯೂಟರ್ ಪದವಿ ಮುಗಿಸಿ, ನಾಲ್ಕು ವರ್ಷದಿಂದ ಮಕ್ತಲ್‌ನ ರಿಪೇರಿ ಅಂಗಡಿಯೊಂದರಲ್ಲಿದ್ದಾಳೆ. ನಾರ್ವ, ಉಟ್ಕೂರ್, ನಾರಾಯಣಪೇಟೆ ಅವಳ ಪಾಲಿಗೆ. ದಿನಕ್ಕೆ ಆರೇಳು ಯಂತ್ರ, ಮೂರು ನಾಲ್ಕು ಬಸ್ಸು. ಮುಟ್ಟಿದ ಪ್ರತಿ ಯಂತ್ರದ ಕಥೆಯನ್ನೂ ರಾತ್ರಿ ಡೈರಿಗೆ ಬರೆಯುತ್ತಾಳೆ, ಈಗಿನದು ಏಳನೆಯದು. "ಮಂದಿ ಜೋಡಿ ಮಾತಾಡಾಕ ನಂಗ ಬರಂಗಿಲ್ಲರೀ," ಎನ್ನುತ್ತಾಳೆ. "ಬರದ್ರ ಹಗುರ ಆಗ್ತೈತಿ." ಮೊದಲ ಸಲ ಈ ಸೊಸೈಟಿಗೆ ಬಂದಾಗ ವ್ಯಾಸರಾಜರು ಅವಳ ಹಿಂದೆ ಇಣುಕಿ, "ರಿಪೇರಿಯವ ಎಲ್ಲಮ್ಮಾ?" ಎಂದಿದ್ದರು. ಆ ಪ್ರಶ್ನೆ ನಿಲ್ಲಲು ಎರಡು ವರ್ಷ ಹಿಡಿಯಿತು.

ಕಂಪ್ಯೂಟರ್ ಪೆಟ್ಟಿಗೆಯ ಮೇಲಿಂದ ಆಗಲೇ ತೆಗೆದ ಅಂಚುಸೀರೆಯ ತುಂಡನ್ನು ರಜಿತಾ ಮಡಿಸಿ ಇಡುತ್ತಾಳೆ. ನೂಲಿನ ಜುಂಗು ಒಳಗೆ ಹೋಗದಿರಲೆಂದು ಕೆಲಸ ಮುಗಿಸಿ ಆರಿಸಿದ ಮೇಲೆ ಲಕ್ಷ್ಮೀಬಾಯಿ ದಿನವೂ ಅದನ್ನು ಹೊದಿಸುತ್ತಾರೆ. ಮಗ್ಗಕ್ಕೂ ಹೀಗೇ ಮಾಡುತ್ತಿದ್ದರಂತೆ. ವ್ಯಾಸರಾಜರ ಆರೋಪವೂ ಇದೇ ಬಟ್ಟೆಯದು: ಗಾಳಿಯಾಡದೆ ಯಂತ್ರ ಬೆಂದಿದೆ.

ರಜಿತಾ ಯಂತ್ರ ಆರಿಸಿ ಮುಚ್ಚಳ ಬಿಚ್ಚುತ್ತಾಳೆ. ಬೇರೆ ಕಡೆ ಫ್ಯಾನಿನ ಸಂದಿಯಲ್ಲಿ ಹಾಸಿಗೆಯಷ್ಟು ಹತ್ತಿ ಕೂತಿರುತ್ತದೆ. ಇಲ್ಲಿ ಬ್ರಷ್ಷಿಗೆ ಕೆಲಸವೇ ಇಲ್ಲ. ಆದರೂ ಹಳೆಯ ಪೇಸ್ಟು ಒರೆಸಿ ಹೊಸದು ಹಚ್ಚುತ್ತಾಳೆ. ಮತ್ತೆ ಚಾಲೂ ಮಾಡಿದರೆ ಶಾಖ ನಲವತ್ತೈದು ಡಿಗ್ರಿ, ಏನೂ ಜಾಸ್ತಿಯಲ್ಲ. ವೇಗ ಮಾತ್ರ ಅದೇ 1.8.

"ಏನಂತದ ತಂಗಿ?"

"ತಡೀರಿ ಅಕ್ಕಾ."

ಕೊನೆಗೆ ವಿದ್ಯುತ್ತಿನ ಸೆಟ್ಟಿಂಗ್ ತೆರೆಯುತ್ತಾಳೆ. ಪ್ರೊಸೆಸರ್ ಗರಿಷ್ಠ ಎಷ್ಟು ದುಡಿಯಬಹುದು ಎಂಬಲ್ಲಿ ನೂರು ಇರಬೇಕಿತ್ತು. ಐವತ್ತು ಇದೆ.

ಚೀಲದಿಂದ ಡೈರಿ ತೆಗೆದು ಮೇ ತಿಂಗಳ ಪುಟ ತಿರುವುತ್ತಾಳೆ. ತಗಡಿನ ಚಾವಣಿಯ ಕೆಳಗೆ, ಫ್ಯಾನು ಕೆಟ್ಟ ಈ ಯಂತ್ರ ಕಾದು ಕಾದು ನಿಂತುಹೋಗುತ್ತಿದ್ದ ದಿನಗಳು. ಅವಳದೇ ಅಕ್ಷರ: 'ಸದ್ಯಕ್ಕೆ ವೇಗ ಅರ್ಧ ಮಾಡಿದ್ದೇನೆ. ಹೊಸ ಫ್ಯಾನು ಕೂರಿಸಿದ ಮೇಲೆ ಪೂರ್ತಿ ಮಾಡಬೇಕು.' ವಾರದ ಮೇಲೆ ಫ್ಯಾನು ಬಂತು, ಕೂರಿಸಿದಳು. ಆ ದಿನ ಅದು ಒಂಬತ್ತನೆಯ ಯಂತ್ರ. ಕಡೆಯ ಬಸ್ಸು ಹೊರಟು ನಿಂತಿತ್ತು. ಮುಗಿದ ಕೆಲಸದ ಪಕ್ಕ ಹಾಕುವ ಗೀಟು ಈ ಸಾಲಿನ ಪಕ್ಕ ಇಲ್ಲ.

ಐವತ್ತನ್ನು ನೂರು ಮಾಡುತ್ತಾಳೆ. ಅಂಕಿ ಏರಿ 3.6 ಮುಟ್ಟುತ್ತದೆ. ಅಷ್ಟೇ ಕೆಲಸ, ಅರ್ಧ ನಿಮಿಷದ್ದು.

ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದು. ವ್ಯಾಸರಾಜರು ಒಳಗೆ ಬಂದವರೇ ಮಡಿಸಿಟ್ಟ ಬಟ್ಟೆ ನೋಡುತ್ತಾರೆ. "ದಿನಾ ಸೀರಿ ಉಡಿಸಿ ಕೂಡಸ್ತಾಳ. ಅದಕ್ಕೇನು ಲಗ್ನ ಐತೇನು ಬಾಯೀ?"

ಲಕ್ಷ್ಮೀಬಾಯಿ ಸೆರಗು ಎಳೆದುಕೊಂಡು ಗೋಡೆಗೆ ಸರಿಯುತ್ತಾರೆ. "ಲಗ್ನ ಯಾಕ್ರಿ ಸಾರ್, ನನ್ನ ಕಳ್ಸೂ ದಿನ ಬಂದೈತಲ್ಲ," ಎಂದು ನಗಲು ನೋಡುತ್ತಾರೆ. ನಗು ಪೂರ್ತಿ ಬರುವುದಿಲ್ಲ.

"ಏನಾಗಿತ್ತಮ್ಮಾ ರಜಿತಾ? ಧೂಳು ಅಲ್ಲೇನು?"

ಈ ಕಸುಬಿನವರಿಗೆಲ್ಲ ಒಂದು ಮಾತು ಬಾಯಿಪಾಠ: ಧೂಳಿತ್ತು, ತೆಗೆದೀನಿ. ಕೇಳಿದವರು ಒಪ್ಪುತ್ತಾರೆ, ಕೈ ತೊಳೆದುಕೊಂಡು ಬರಬಹುದು. ರಜಿತಾ ತಾನೂ ಎಷ್ಟೋ ಸಲ ಹೇಳಿದ್ದಾಳೆ. ಇಲ್ಲಿ ಹಾಗೆಂದರೆ ಧೂಳು ಲಕ್ಷ್ಮೀಬಾಯಿಯ ಲೆಕ್ಕಕ್ಕೆ ಹೋಗುತ್ತದೆ. ನಿಜ ಹೇಳಿದರೆ, ರಿಪೇರಿಯವ ಎಲ್ಲಿ ಎಂಬ ಪ್ರಶ್ನೆ ನಾಳೆ ಮತ್ತೆ ಬರಬಹುದು. ಚಹಾ ಲೋಟದಲ್ಲೇ ಆರಿದೆ. ಡೈರಿಗಾದರೆ ಎಷ್ಟು ಸಲೀಸಾಗಿ ಬರೆದುಬಿಡುತ್ತಿದ್ದಳು.

ಅವಳು ಧೂಳು ಹತ್ತದ ಬ್ರಷ್ಷನ್ನು ಎತ್ತಿ ಅವರಿಗೆ ತೋರಿಸುತ್ತಾಳೆ.

"ಧೂಳ ಇಲ್ಲರೀ ಸಾರ್. ಅಕ್ಕಾರ ಬಟ್ಟಿಯಿಂದನ ಇದು ಇಷ್ಟು ಸ್ವಚ್ಛ ಐತಿ." ಬ್ರಷ್ಷು ಕೆಳಗಿಡುತ್ತಾಳೆ. "ಬ್ಯಾಸಿಗ್ಯಾಗ ವೇಗ ಅರ್ಧಕ್ಕ ಇಳಿಸಿದಾಕಿ ನಾನು. ತಿರುಗಿ ಏರ್ಸೂದು ಮರ್ತೀನಿ. ತಪ್ಪು ನಂದು."