ಒಂದು ನಂಬರ್ ದೊಡ್ಡದು

"ಅವಳು ಪಾಸಾಗಾಕಿಲ್ಲ, ನಿನ್ ಮಿಷಿನ್ ತಿರುಗಾಕಿಲ್ಲ, ಬುಡು" ಎಂದು ಒಂದೇ ಉಸಿರಿನಲ್ಲಿ ಎರಡು ಭವಿಷ್ಯ ನುಡಿದವರು ನಮ್ಮ ಚಿಕ್ಕಪ್ಪ ಶಿವನಂಜಪ್ಪ. ಅವಳು ಎಂದರೆ ಅವರದೇ ಮಗಳು ಶಿಲ್ಪಾ, ಬಿ.ಎಸ್ಸಿ.ಯಲ್ಲಿ ಎರಡು ಸಬ್ಜೆಕ್ಟು ಉಳಿಸಿಕೊಂಡು ಮತ್ತೆ ಪರೀಕ್ಷೆಗೆ ಕೂರುವುದೋ ಬೇಡವೋ ಎಂಬ ತೂಗುಯ್ಯಾಲೆಯಲ್ಲಿದ್ದಳು. ಮಿಷಿನ್ ಎಂದರೆ ತಿ. ನರಸೀಪುರದ ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ನಾನು ಕಟ್ಟಲು ಹೊರಟಿದ್ದ ಸಿಎನ್‌ಸಿ ರೌಟರ್. ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರವನ್ನು ಮರದ ಹಲಗೆಯ ಮೇಲೆ ತಾನಾಗಿಯೇ ಕೆತ್ತುವ ಯಂತ್ರ. ಇವೆರಡೂ ಒಂದೇ ವಾಕ್ಯದಲ್ಲಿ ಜೊತೆಯಾದದ್ದು ನನ್ನ ಬಾಯಿಚಪಲದಿಂದ. ಓದು ಸಾಕು ಎಂದು ಶಿಲ್ಪಾ ಕಣ್ಣೊರೆಸಿಕೊಳ್ಳುತ್ತ ಕೂತಿದ್ದಾಗ, "ನೀನು ಪಾಸು ಮಾಡವ್ವ, ನಿನ್ನ ಸರ್ಟಿಫಿಕೇಟಿಗೆ ನನ್ನ ಮಿಷಿನ್ನಲ್ಲೇ ಹಲಸಿನ ಮರದ ಚೌಕಟ್ಟು ಕೆತ್ತಿಕೊಡ್ತೀನಿ" ಎಂದುಬಿಟ್ಟಿದ್ದೆ. ಅವಳು ಕಣ್ಣೊರೆಸಿಕೊಂಡು ಪುಸ್ತಕ ತೆಗೆದಳು. ನನ್ನ ಮಿಷಿನ್ನಿಗೆ ಆಗ ಒಂದು ಬೋಲ್ಟೂ ಇರಲಿಲ್ಲ.

ನಮ್ಮ ಮನೆತನದ ಮೊದಲ ಪದವೀಧರ ನಾನು. ಇದನ್ನು ಸಂದರ್ಭ ಬಂದಾಗ ಹೇಳುತ್ತೇನೆ. ಬಾರದಿದ್ದರೆ ಸಂದರ್ಭವನ್ನೇ ಬರಮಾಡಿಕೊಂಡು ಹೇಳುತ್ತೇನೆ. ತಾವು ದಯವಿಟ್ಟು ಸಹಿಸಿಕೊಳ್ಳಬೇಕು. ನಂಜನಗೂಡಿನ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ನನಗೆ ಕೆಲಸ. ಬೇರೆಯವರು ಕಟ್ಟಿದ ಯಂತ್ರಗಳು ಕೆಟ್ಟಾಗ ಕರೆದರೆ ಓಡಿಹೋಗಿ ಸರಿಮಾಡುವುದು ಒಂದು ವಿದ್ಯೆ, ತಾನೇ ಒಂದು ಯಂತ್ರವನ್ನು ಸೃಷ್ಟಿಸುವುದು ಇನ್ನೊಂದು. ಊರಿನವರ ಹೆರಿಗೆಯನ್ನೆಲ್ಲ ಮಾಡಿಸಿದ ಸೂಲಗಿತ್ತಿ ತಾನೇ ಬಸುರಾದಾಗ ಅಕ್ಕಪಕ್ಕದವರನ್ನು ಸಲಹೆ ಕೇಳುತ್ತಾಳಂತೆ. ನನ್ನ ಪಾಡೂ ಅದೇ ಆಯಿತು.

ಮೋಟಾರುಗಳ ವಿಷಯದಲ್ಲಿ ನಮ್ಮ ಮನೆಗೆ ಚಿಕ್ಕಪ್ಪನ ಮಾತೇ ವೇದ. ಮೂಗೂರಿನ ಹಾದಿಯಲ್ಲಿರುವ ಗದ್ದೆಯಲ್ಲಿ ಅವರದೊಂದು ಪಂಪ್‌ಸೆಟ್ಟಿದೆ. ಅದರ ಕಾಯಿಲೆ ಕಸಾಲೆಗಳ ಚರಿತ್ರೆ ಅವರಿಗೆ ನೆಂಟರ ಜಾತಕಕ್ಕಿಂತ ಚೆನ್ನಾಗಿ ಗೊತ್ತು. ನಾನು ಯಂತ್ರದ ವಿಚಾರ ಎತ್ತಿದೊಡನೆ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಎಚ್‌ಪಿ?" ಈ ಜಾತಿಯ ಮೋಟಾರನ್ನು ಎಚ್‌ಪಿಯಲ್ಲಿ ಅಳೆಯುವುದಿಲ್ಲ, ಎಷ್ಟು ಭಾರವನ್ನು ಅಲುಗದಂತೆ ಹಿಡಿದು ನಿಲ್ಲಬಲ್ಲದು ಎಂಬುದರಿಂದ ಅಳೆಯುತ್ತಾರೆ ಎಂದೆ.

"ನಿಲ್ಲೋದಾ? ಮೋಟರು ನಿಂತೋದ್ರೆ ಅದು ಮೋಟರೇನ್ಲಾ? ನಿಲ್ಲಾದಾದ್ರೆ ನಾನೇ ನಿಂತ್ಕೊತೀನಿ ಬುಡು, ಕರೆಂಟ್ ಬಿಲ್ಲೂ ಇಲ್ಲ!"

ನಗು ಬಂದರೂ ಅವರ ಪ್ರಶ್ನೆ ನನ್ನನ್ನು ಯೋಚನೆಗೆ ಹಚ್ಚಿತು. ಪಂಪಿನ ಮೋಟಾರಿಗೆ ಓಡುವುದೇ ಧರ್ಮ. ಕೆತ್ತುವ ಮೋಟಾರಿಗೆ ಹೇಳಿದಲ್ಲಿ ಹೋಗಿ, ಹೇಳಿದಲ್ಲಿ ನಿಲ್ಲುವುದು ಧರ್ಮ. ಅದರಲ್ಲೂ ಎರಡು ಪಂಗಡಗಳುಂಟು. ಸರ್ವೋ ಎಂಬುದು ಶ್ರೀಮಂತರ ಮನೆಯದು. ತಾನೆಲ್ಲಿದ್ದೇನೆ ಎಂದು ಕ್ಷಣಕ್ಷಣವೂ ಹಿಂದಿರುಗಿ ನೋಡಿಕೊಳ್ಳುವ ಕಣ್ಣೊಂದು ಅದರ ಬೆನ್ನಿಗಿರುತ್ತದೆ, ತಪ್ಪಿದರೆ ತಾನೇ ತಿದ್ದಿಕೊಳ್ಳುತ್ತದೆ. ಸ್ಟೆಪ್ಪರ್ ಎಂಬುದು ನಮ್ಮಂಥವರ ಕೈಗೆಟುಕುವಂಥದ್ದು. ಅಪ್ಪಣೆಯಾದಷ್ಟು ಹೆಜ್ಜೆ ಹಾಕುತ್ತದೆ, ಆದರೆ ಹೊರೆ ಹೆಚ್ಚಾಗಿ ಒಂದು ಹೆಜ್ಜೆ ತಪ್ಪಿದರೆ ಅದಕ್ಕೂ ತಿಳಿಯದು, ಅಪ್ಪಣೆ ಕೊಟ್ಟವನಿಗೂ ತಿಳಿಯದು. ಇದನ್ನು ಓದುವಾಗ ನನಗೆ ಆ ಬಡಪಾಯಿಯ ಮೇಲೆ ವಿಚಿತ್ರವಾದ ಬಂಧುಪ್ರೀತಿ ಹುಟ್ಟಿತು. ನಾನು ಓದಿದ್ದೂ ಹಾಗೆಯೇ. ಯಾವ ವಿಷಯ ಆರಿಸಿಕೊಳ್ಳಬೇಕು, ಎಲ್ಲಿ ಎಡವಿದ್ದೇನೆ ಎಂದು ಹೇಳುವ ಕಣ್ಣು ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. "ಓದ್ತಾ ಇದ್ದೀಯೇನಪ್ಪಾ?" ಎಂದು ಅವ್ವ ಕೇಳುವಳು, "ಊಂ" ಎನ್ನುವೆ, ತಪಾಸಣೆ ಮುಗಿಯಿತು. ಸ್ಟೆಪ್ಪರನ್ನೇ ಆರಿಸಿದೆ.

ಇನ್ನು ಉಳಿದದ್ದು ಅಳತೆ. ಇಲ್ಲಿ ಸ್ವಲ್ಪ ಹಾದಿ ಬಿಟ್ಟು ಚಪ್ಪಲಿ ಅಂಗಡಿಗೆ ಬನ್ನಿ. ನಮ್ಮ ಮನೆಯಲ್ಲಿ ಯಾರೂ ತಮ್ಮ ಅಳತೆಯ ಚಪ್ಪಲಿ ಮೆಟ್ಟಿ ಬೆಳೆದವರಲ್ಲ. ಅಂಗಡಿಯವನು ಪಾದ ನೋಡಿ ಒಂದು ಜೊತೆ ತೆಗೆದಿಟ್ಟರೆ, "ಒಂದ್ ನಂಬರ್ ದೊಡ್ಡದು ಕೊಡಪ್ಪ, ಬೆಳೆಯೋ ಮಗ" ಎಂದು ಅಪ್ಪ ಹೇಳುವುದು ಮಂತ್ರದಷ್ಟೇ ನಿಶ್ಚಿತ. ಅಂಗಿಗೂ ಅದೇ ನ್ಯಾಯ, ಸ್ವೆಟರಿಗೂ ಅದೇ. ನಾನು ಅಂಗಿಗೆ ಹೊಂದುವಷ್ಟು ಬೆಳೆಯುವ ಹೊತ್ತಿಗೆ ಅಂಗಿ ಹರಿಯುವಷ್ಟು ಬೆಳೆದಿರುತ್ತಿತ್ತು. ಪದವಿ ಸ್ವೀಕರಿಸುವಾಗ ವಿಶ್ವವಿದ್ಯಾಲಯದವರು ಕೊಟ್ಟ ಕರಿನಿಲುವಂಗಿಯೂ ಕೈ ಮುಚ್ಚಿ ಇಳಿಬಿದ್ದಿತ್ತು. ಅಪ್ಪ ಮಾತ್ರ, "ಪರ್ವಾಗಿಲ್ಲ, ಚೆನ್ನಾಗಿ ದೊಡ್ಡದೇ ಕೊಟ್ಟವ್ರೆ" ಎಂದು ತೃಪ್ತಿಪಟ್ಟಿದ್ದರು.

ಈ ಮೋಟಾರುಗಳಿಗೂ ಚಪ್ಪಲಿಯಂತೆ ನಂಬರುಗಳಿವೆ: ಹದಿನೇಳು, ಇಪ್ಪತ್ತಮೂರು, ಮೂವತ್ತನಾಲ್ಕು. ನನ್ನ ಯಂತ್ರ ಊಟದ ಮೇಜಿನಷ್ಟಿತ್ತು. ಅದಕ್ಕೆ ಇಪ್ಪತ್ತಮೂರು ಸಾಕೆಂದು ಓದಿದ ತಲೆ ಹೇಳಿತು. ಮೈಸೂರಿನ ಅಂಗಡಿಯಲ್ಲಿ ಗಾಜಿನ ಮೇಜಿನಾಚೆ ನಿಂತಾಗ ಬಾಯಿ ತೆರೆದದ್ದು ನಾನು, ಮಾತಾಡಿದ್ದು ಅಪ್ಪ: "ಒಂದು ನಂಬರ್ ದೊಡ್ಡದೇ ಕೊಡಿ. ಬೆಳೆಯೋ ಮಿಷಿನ್ನು."

ಮೋಟಾರಿನಲ್ಲಿ ತೋರಿಸಿದ ಔದಾರ್ಯವನ್ನು ಕಂಟ್ರೋಲರಿನಲ್ಲಿ ಸರಿದೂಗಿಸಿದೆ. ಕಂಟ್ರೋಲರ್ ಎಂದರೆ ಹುಕುಂ ಹೊರಡಿಸುವ ತಹಶೀಲ್ದಾರ. ಅದರ ಕೈಕೆಳಗಿನ ಡ್ರೈವರ್ ಎಂಬ ಪೆಟ್ಟಿಗೆ, ಹುಕುಮಿನಂತೆ ಮೋಟಾರಿಗೆ ಕರೆಂಟು ಹಂಚುವ ಗುಮಾಸ್ತ. ಎರಡೂ ಮುಚ್ಚಳದೊಳಗೆ ಕೂರುವಂಥವು, ನೋಡುವವರು ಯಾರು ಎಂದು ಇದ್ದುದರಲ್ಲಿ ಚಿಕ್ಕದನ್ನು ತಂದೆ. ಮೇಲೆ ಗರಿಗರಿ ಅಂಗಿ, ಒಳಗೆ ತೂತು ಬನೀನು.

ಎಲ್ಲವನ್ನೂ ಜೋಡಿಸಿ ಯಂತ್ರ ಕಟ್ಟಿ ಮುಗಿಸುವಷ್ಟರಲ್ಲಿ ಶಿಲ್ಪಾ ಪಾಸಾದಳು. ಎರಡೂ ಸಬ್ಜೆಕ್ಟು, ಒಂದೇ ಏಟಿಗೆ. ಸಿಹಿ ಹಿಡಿದು ಬಂದವಳು ಶೆಡ್ಡಿನ ಬಾಗಿಲಲ್ಲಿ ನಿಂತು, "ಅಣ್ಣ, ನನ್ ಪಾಲಿಂದು ಮುಗೀತು. ನಿಂದು? ಸರ್ಟಿಫಿಕೇಟ್ ತಂದ ಭಾನುವಾರ ಎಲ್ರೂ ಊಟಕ್ಕೆ ಬತ್ತಾರೆ" ಎಂದಳು. ಹಿಂದೆಯೇ ಚಿಕ್ಕಪ್ಪ ತಮ್ಮ ಹೊಲದ ಬದುವಿನಲ್ಲಿ ಬಿದ್ದಿದ್ದ ಹಲಸಿನ ಮರದ ಹಲಗೆಯೊಂದನ್ನು ಹೆಗಲ ಮೇಲೆ ಹೊತ್ತು ತಂದು ಒರಗಿಸಿ, "ಕೆತ್ತಾಕಾಗ್ದಿದ್ರೆ ಒಲೆಗಾದ್ರೂ ಆಯ್ತದೆ" ಎಂದರು. ಅವರ ಎರಡು ಭವಿಷ್ಯಗಳಲ್ಲಿ ಒಂದನ್ನು ಅವರ ಮಗಳು ಸುಳ್ಳಾಗಿಸಿದ್ದಳು. ಇನ್ನೊಂದು ನಿಜವಾದರೆ ಅದು ಈ ಮನೆತನದ ಮೊದಲ ಪದವೀಧರನ ಕೊಡುಗೆಯಾಗುತ್ತಿತ್ತು.

ಅದೇ ಸಂಜೆ ಒಂದು ಹಳೆಯ ಪ್ಲೈವುಡ್ಡಿನ ತುಂಡಿಟ್ಟು ಅವಳ ಹೆಸರು ಕೆತ್ತಲು ಹಚ್ಚಿದೆ. ನಿಧಾನವಾಗಿ ನಡೆಸಿದಷ್ಟು ಹೊತ್ತು ದೊಡ್ಡ ಮೋಟಾರುಗಳು ಆನೆಯ ಗಾಂಭೀರ್ಯದಿಂದ ನಡೆದವು. ಸ್ವಲ್ಪ ವೇಗ ಕೊಟ್ಟೆ. ಗೊರಗುಟ್ಟಿದವು, ನಡುಗಿದವು, ಹೆಜ್ಜೆ ತಪ್ಪಿದವು. ಕಂಟ್ರೋಲರು ಮಾತ್ರ ಏನೂ ಆಗಿಲ್ಲವೆಂಬಂತೆ ಹುಕುಂ ಕೊಡುತ್ತಲೇ ಹೋಯಿತು. 'ಶಿ' ತನ್ನ ಜಾಗದಲ್ಲಿತ್ತು, 'ಲ್ಪಾ' ಅಂಚಿನ ಕಡೆಗೆ ಗುಳೆ ಹೊರಟಿತ್ತು. ಚಿಕ್ಕಪ್ಪ ಬಗ್ಗಿ ನೋಡಿ, "ನಮ್ ಎಣ್ಮಗ ಪಾಸಾಯ್ತು, ನಿನ್ ಮಿಷಿನ್ ಫೇಲಾಯ್ತಲ್ಲೋ" ಎಂದು ಬೇಸರವಿಲ್ಲದೆ ಹೊರಟುಹೋದರು.

ಕಾರಣ ನನಗೆ ಗೊತ್ತಿರದದ್ದಲ್ಲ. ಪರೀಕ್ಷೆಯಲ್ಲಿ ಅಂಕ ಗಳಿಸಿಕೊಂಡು ಮರೆತದ್ದು. ದೊಡ್ಡ ಮೋಟಾರಿನ ದಪ್ಪ ಸುರುಳಿಗಳೊಳಗೆ ಕರೆಂಟು ತುಂಬಲು ಹೆಚ್ಚು ವೋಲ್ಟೇಜು ಬೇಕು. ಚಿಕ್ಕ ಡ್ರೈವರು ಅದನ್ನು ತುಂಬಿಸುವಷ್ಟರಲ್ಲಿ ಮುಂದಿನ ಹೆಜ್ಜೆಯ ಅಪ್ಪಣೆ ಬಂದಿರುತ್ತದೆ. ಅಪ್ಪನ ಚಪ್ಪಲಿ ಮೆಟ್ಟಿ ಓಟಕ್ಕೆ ನಿಂತ ಮಗುವಿನ ಗತಿ: ನಡೆಯಬಹುದು, ಓಡಿದರೆ ಚಪ್ಪಲಿಯೊಂದು ಕಡೆ, ಪಾದವೊಂದು ಕಡೆ. ಬೆಳೆಯುವ ಮಗುವಿಗೆ ಬರಲಿರುವ ದಿನಗಳ ಮೇಲೆ ಭರವಸೆಯಿಟ್ಟು ದೊಡ್ಡದನ್ನು ಕೊಳ್ಳಬಹುದು. ಕಬ್ಬಿಣ ಬೆಳೆಯುವುದಿಲ್ಲ ಸ್ವಾಮಿ. ಅದಕ್ಕೆ ಇವತ್ತಿನ ಅಳತೆಯಷ್ಟೇ ಸತ್ಯ.

ಮೋಟಾರುಗಳನ್ನು ಚೀಲಕ್ಕೆ ತುಂಬಿಕೊಂಡು ಮತ್ತೆ ಮೈಸೂರಿನ ಬಸ್ಸು ಹತ್ತಿದೆ. "ಎಲ್ರೂ ಚಿಕ್ಕದು ತಗೊಂಡೋಗಿ ದೊಡ್ಡದಕ್ಕೆ ವಾಪಸ್ ಬತ್ತಾರೆ ಸಾ, ನೀವು ಉಲ್ಟಾ" ಎಂದು ನಗುತ್ತಲೇ ಅಂಗಡಿಯವನು ಬದಲಿಸಿಕೊಟ್ಟ. ಇಪ್ಪತ್ತಮೂರು ನಂಬರಿನವು ಬಂದು ಕೂತವು. ಹಲಸಿನ ಹಲಗೆಯನ್ನು ಬಿಗಿದೆ, ಗುಂಡಿ ಒತ್ತಿದೆ, ಕಣ್ಣು ಮುಚ್ಚಿದೆ. ತೆರೆದಾಗ ಹಳದಿ ಪುಡಿಯ ನಡುವೆ ಭತ್ತದ ತೆನೆಯೊಂದು ಕಾಳುಕಾಳಾಗಿ ಏಳುತ್ತಿತ್ತು. ನಾನು ಉಸಿರಾಡಿದೆ.

ಭಾನುವಾರ ನೆಂಟರೆಲ್ಲ ಸೇರಿದರು. ಈ ಸಲ ಸರ್ಟಿಫಿಕೇಟನ್ನು ಮೂರು ಸಲ ಅಳೆದೇ ಚೌಕಟ್ಟು ಕೆತ್ತಿದ್ದೆ. ನಾಲ್ಕು ಮೂಲೆಗಳಲ್ಲೂ ಕೂದಲೆಳೆ ಸಂದಿಲ್ಲದೆ ಕೂತಿತು. ನನ್ನ ಜೀವಮಾನದಲ್ಲಿ ನಮ್ಮ ಮನೆಯೊಳಗೆ ಸರಿಯಾದ ಅಳತೆಯಲ್ಲಿ ಬಂದ ಮೊದಲ ವಸ್ತು ಅದು. ಶಿಲ್ಪಾ ಅದನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಅಪ್ಪನಿಗೆ ಕೊಟ್ಟಳು. ಚಿಕ್ಕಪ್ಪ ಹೆಗಲ ಟವಲಿನಲ್ಲಿ ಕೈ ಒರೆಸಿಕೊಂಡು ಇಸಿದುಕೊಂಡರು. ತೆನೆಗಳ ಮೇಲೆ ಹೆಬ್ಬೆರಳಾಡಿಸಿದರು, ಮಗಳ ಹೆಸರಿನ ಮೇಲೆ ನಿಲ್ಲಿಸಿದರು. ಎರಡೂ ಭವಿಷ್ಯ ಸುಳ್ಳಾದ ಮನುಷ್ಯ ಏನು ಹೇಳಿಯಾರೆಂದು ಎಲ್ಲರೂ ಕಾದೆವು. ಅವರು ನನ್ನನ್ನು ಗದರಿದರು.

"ಏನ್ಲಾ ಇದು, ಕಾಗ್ಜದ ಅಳತೆಗೇ ಮಾಡ್ಬುಟ್ಟಿದ್ದೀಯ? ನನ್ ಮಗಳು ಇಷ್ಟಕ್ಕೇ ನಿಲ್ತಾಳಾ? ಎಮ್ಮೆಸ್ಸಿದು ಬಂದ್ರೆ ಎಲ್ಲಿ ಮಡಗಾನಾ? ಒಂದ್ ನಂಬರ್ ದೊಡ್ಡದು ಮಾಡಾಕೇನ್ಲಾ ನಿಂಗೆ ದಾಡಿ?"